ಅತ್ತೆಯ ಎಲೆ, ಖಾಲಿ ಬಿಲ್ಲೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸೋಸಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದಿಂದ ಅವಳಿಗೆ ಒಂದೇ ಕೆಲಸ. ಯಾರೋ ಮದ್ದೆಂದು ತಂದುಕೊಟ್ಟ ಬೇರು, ತೊಗಟೆ, ಎಲೆಗಳನ್ನು ಒಣಗಿಸಿ, ಪುಡಿಮಾಡಿ, ಸ್ಪಿರಿಟ್‌ನಲ್ಲಿ ನೆನೆಹಾಕಿ ಸೋಸಬೇಕು. ಆ ಸಾರವನ್ನು ಕಾಗದದ ಪುಟ್ಟ ಬಿಲ್ಲೆಗೆ ಹನಿಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ, ಕೀವಿನ ರೋಗಾಣು ಸವರಿದ ಗಾಜಿನ ತಟ್ಟೆಯಲ್ಲಿಡಬೇಕು. ಮಾರನೆಯ ದಿನ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ತಿಳಿ ಉಂಗುರ ಮೂಡಿದ್ದರೆ ಮದ್ದಿನಲ್ಲಿ ಕಸುವಿದೆ, ಮೂಡದಿದ್ದರೆ ಇಲ್ಲ. ಎಂಥೆಂಥ ಹೆಸರುವಾಸಿ ಬೇರುಗಳು ಅವಳ ತಟ್ಟೆಯಲ್ಲಿ ತೆಪ್ಪಗೆ ಮಲಗಿ ಎದ್ದುಹೋಗಿದ್ದವೋ! ಅವಳು ಯಾರ ಮುಲಾಜಿಗೂ ಬಿದ್ದವಳಲ್ಲ.

ಈ ಸಲ ಮಾತ್ರ ಎಲೆ ಅವಳ ಸೋದರತ್ತೆಯದು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಸಾಕಿದವಳು ಈ ಅತ್ತೆ. ನಲವತ್ತು ವರ್ಷದಿಂದ ಬೀದಿಯವರ ಗಾಯಗಳಿಗೆಲ್ಲ ಆ ಎಲೆಯನ್ನೇ ಅರೆದು ಕಟ್ಟುತ್ತಿದ್ದವಳು; ಅವು ಮಾಯುತ್ತಲೂ ಇದ್ದವು. ಈಗ ಅವಳದೇ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆ ಬೇರೆ. ವಾರ ಮೂರಾದರೂ ಮಾಯುವ ಲಕ್ಷಣವಿರಲಿಲ್ಲ, ಕಾಲೇ ಹೋದೀತೆಂದು ಸೋಸಕ್ಕನಿಗೆ ಭಯ. ಆಸ್ಪತ್ರೆಯೆಂದರೆ ಅತ್ತೆ ಮೂಗು ಮುರಿಯುತ್ತಿದ್ದಳು.

“ಆಯ್ತು ಕಣೇ, ನಿನ್ನ ತಟ್ಟೇಲಿಟ್ಟು ನೋಡು. ನನ್ನೆಲೆ ಸೋತ್ರೆ ಅವತ್ತೇ ಆಸ್ಪತ್ರೆಗೆ ಬರ್ತೀನಿ. ಗೆದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು,” ಎಂದು ಅತ್ತೆ ಪಂಥ ಕಟ್ಟಿದಳು.

ಸೋಸಕ್ಕ ಎಲೆಯ ಸಾರ ತೆಗೆದು ಬಿಲ್ಲೆಯನ್ನು ತಟ್ಟೆಯಲ್ಲಿಟ್ಟಳು. ಮಾರನೆಯ ದಿನ ತಟ್ಟೆ ತೆಗೆದರೆ, ಅಗಲವಾದ ಉಂಗುರ! ಸೋಸಕ್ಕನಿಗೆ ಹಿಗ್ಗೋ ಹಿಗ್ಗು. ಆ ಕ್ಷಣವೇ ಮನೆಗೆ ಫೋನ್ ಮಾಡಿಬಿಟ್ಟಳು. “ನಾನು ಹೇಳಿರ್ಲಿಲ್ವಾ!” ಎಂದು ಅತ್ತೆ ನಕ್ಕ ನಗು ಪಕ್ಕದ ಮೇಜಿನವರಿಗೂ ಕೇಳಿಸಿತು.

ಫೋನಿಟ್ಟು, ಅಳತೆ ಬರೆಯಲು ಪುಸ್ತಕ ತೆರೆದಳು. ಎಲೆಯ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು: ಖಾಲಿ ಬಿಲ್ಲೆ. ಅಂದರೆ ಮದ್ದಿಲ್ಲದೆ ಬರೀ ಸ್ಪಿರಿಟ್ ಹನಿಸಿದ ಬಿಲ್ಲೆ. ಪ್ರತಿ ತಟ್ಟೆಯಲ್ಲೂ ಅದು ಇರಲೇಬೇಕು. ಅಯ್ಯೋ, ಅವಳು ಇಟ್ಟೇ ಇರಲಿಲ್ಲ! ಎಲೆಯ ಬಿಲ್ಲೆಯನ್ನಾದರೂ ಸರಿಯಾಗಿ ಆರಲು ಬಿಟ್ಟಿದ್ದಳೇ? ಅದೂ ನೆನಪಾಗಲಿಲ್ಲ. ಆರದ ಸ್ಪಿರಿಟ್‌ಗೆ ರೋಗಾಣು ಕೊಲ್ಲಲು ಯಾವ ಎಲೆಯ ಹಂಗೂ ಬೇಡ.

ಮತ್ತೆ ಎರಡು ತಟ್ಟೆ ಇಟ್ಟಳು. ಒಂದರಲ್ಲಿ ಹಸಿ ಬಿಲ್ಲೆಗಳು, ಇನ್ನೊಂದರಲ್ಲಿ ಚೆನ್ನಾಗಿ ಆರಿದವು. ಮರುದಿನ ನೋಡಿದರೆ ಹಸಿ ತಟ್ಟೆಯಲ್ಲಿ ಎಲೆಗೂ ಉಂಗುರ, ಖಾಲಿ ಬಿಲ್ಲೆಗೂ ಅಷ್ಟೇ ಅಗಲದ ಉಂಗುರ. ಆರಿದ ತಟ್ಟೆಯಲ್ಲಿ ಎರಡಕ್ಕೂ ಏನೂ ಇಲ್ಲ. ಸೋಸಕ್ಕ ಅರ್ಧ ದಿನ ರಜೆ ಹಾಕಿ ಮನೆಗೆ ನಡೆದಳು.

ಅತ್ತೆ ಕಿಟಕಿಯ ಬಳಿ ಕೂತು ಹಿಮ್ಮಡಿಗೆ ಎಲೆ ಕಟ್ಟಿಕೊಳ್ಳುತ್ತಿದ್ದಳು.

“ಅತ್ತೆ, ನಾನು ತಪ್ಪು ಹೇಳ್ಬಿಟ್ಟೆ. ಗೆದ್ದಿದ್ದು ನಿನ್ನೆಲೆ ಅಲ್ಲ, ಸ್ಪಿರಿಟ್ಟು,” ಎಂದು ಸೋಸಕ್ಕ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದಳು.

ಅತ್ತೆ ಪೂರ್ತಿ ಕೇಳಿಸಿಕೊಂಡಳು. “ಹದಿನೆಂಟು ವರ್ಷ ಮರೀದೇ ಇದ್ದೋಳು ಈಗ್ಯಾಕೆ ಮರೆತೆ?”

“ನಿನ್ನೆಲೆ ಗೆಲ್ಲಲಿ ಅಂತ ಆಸೆ ಇತ್ತು ಅತ್ತೆ. ತಲೇಲಿ ಅದೊಂದೇ ಇತ್ತು.” ಸೋಸಕ್ಕನಿಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಹಿಮ್ಮಡಿಗೆ ಅರ್ಧ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು.

“ಎಲ್ಲರ ಗಾಯಾನೂ ಕುದಿಸಿದ ನೀರಲ್ಲಿ ತೊಳೀತಿದ್ದೆ ಕಣೇ. ಒಗೆದ ಬಟ್ಟೇಲೇ ಕಟ್ತಿದ್ದೆ,” ಎಂದಳು. “ನಲವತ್ತು ವರ್ಷದಲ್ಲಿ ಒಂದೇ ಒಂದ್ಸಲ, ಎಲೆ ಇಡದೆ ಬರೀ ಬಟ್ಟೆ ಕಟ್ಟಿ ನೋಡ್ಲಿಲ್ಲ ನಾನು.”

ಅರೆದ ಎಲೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೈ ಚಾಚಿದಳು. “ಎಬ್ಬಿಸು. ಡಾಕ್ಟರು ಎದ್ದು ಹೋಗೋದ್ರೊಳಗೆ ಆಸ್ಪತ್ರೆ ಸೇರೋಣ.”