ತೆಂಗಿನ ತುರಿ ಹಾಕುವ ಜಾಗ

ಉಪ್ಪಳದ ಆ ಮನೆಗೆ ನನ್ನನ್ನು ಕರೆಸಿದ್ದು ಸೊಸೆ. ಅಂಗಳದ ಇಂಟರ್‌ಲಾಕ್ ಕಲ್ಲುಗಳ ಸಂದಿಯಿಂದ ಎದ್ದ ಕೆಂಪಿರುವೆಗಳು ಮಗುವಿನ ಕಾಲಿಗೆ ಕಚ್ಚಿ ಬೊಕ್ಕೆ ಎಬ್ಬಿಸಿದ್ದವು. ಇರುವೆ ಕೊಲ್ಲುವುದು ನನ್ನ ಹೊಟ್ಟೆಪಾಡು. ಎಣ್ಣೆ ಹಚ್ಚಿದ ವಿಷದ ಕಾಳು ಚೆಲ್ಲಿದರೆ ಸಾಕು, ಅವೇ ಹೊತ್ತುಕೊಂಡು ಹೋಗಿ ಗೂಡಿನ ರಾಣಿಗೂ ತಿನ್ನಿಸುತ್ತವೆ. ಆದರೆ ಇಲ್ಲಿ ಒಂದೂ ಮೂಸಿ ನೋಡಲಿಲ್ಲ.

ಕಾರಣ ಹಿತ್ತಿಲಲ್ಲಿ ಸಿಕ್ಕಿತು. ಮನೆಯ ಉಮ್ಮ, ಅಂದರೆ ಸೊಸೆಯ ಅತ್ತೆ, ನುಗ್ಗೆಮರದ ಬುಡದಲ್ಲಿ ದಿನಾ ಒಂದು ಹಿಡಿ ತೆಂಗಿನ ತುರಿ ಹಾಕುತ್ತಿದ್ದರು.

“ಇಲ್ಲಿ ಹೊಟ್ಟೆ ತುಂಬಿದರೆ ಅವು ಮಗುವಿನ ಹತ್ತಿರ ಯಾಕೆ ಹೋಗ್ತವೆ?” ಎಂದರು.

“ಎರಡು ದಿನ ಎಂತದೂ ಹಾಕಬೇಡಿ ಉಮ್ಮ. ಹಸಿದರೆ ಮಾತ್ರ ಅವು ನನ್ನ ಕಾಳು ತಿನ್ನುವುದು.”

“ಮತ್ತೆ ನೀವು ಎಲ್ಲಿ ಹಾಕುವುದು?”

“ಇದೇ ಜಾಗದಲ್ಲಿ. ಅವಕ್ಕೆ ಇಲ್ಲಿ ಅಭ್ಯಾಸ ಉಂಟಲ್ಲ.”

ಉಮ್ಮ ಕೈಯಲ್ಲಿದ್ದ ತುರಿಯ ಬಟ್ಟಲನ್ನು ನೆಲದ ಮೇಲಿಟ್ಟರು.

“ಹಾಗಾದರೆ ನಾನೇ ಹಾಕಿದ್ದು ಅಂತ ತಿಳ್ಕೊಂಡು ತಿನ್ತವೆ.”

ಇಷ್ಟು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ನಾನು ಅವರಿಗೆ ಮಗುವಿನ ಕಾಲನ್ನು ನೆನಪಿಸಿದೆ. ಅವರು ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ಎರಡು ದಿನ ಬಿಟ್ಟು ಅಲ್ಲೇ ಕಾಳು ಹಾಕಿದೆ. ಇರುವೆಗಳು ಸಾಲುಗಟ್ಟಿ ಬಂದು ಹೊತ್ತುಕೊಂಡು ಹೋದವು, ಒಂದು ಚೂರೂ ಅನುಮಾನ ಇಲ್ಲದೆ. ನೋಡುತ್ತಾ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ತಿಂಗಳು ಇರುವೆ ಉಳಿದಿವೆಯೇ ಎಂದು ನೋಡಲು ಹೋದಾಗ ನುಗ್ಗೆಮರದ ಬುಡದಲ್ಲಿ ಒಂದು ಹಿಡಿ ತೆಂಗಿನ ತುರಿ ಯಾರೂ ಮುಟ್ಟದೆ ಒಣಗಿ ಬಿದ್ದಿತ್ತು. ಕೆಲಸ ಪೂರ್ತಿ ಆಗಿದೆ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿಂದ ತರುವುದು?