ಸಸಗಾವಾ ನಿಲ್ದಾಣದ ಸುಸುಕಿ ಹುಲ್ಲು

ಸೆಪ್ಟೆಂಬರಿನ ಮೊದಲ ಸೋಮವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಸೆರಾ ಮಿಚಿಯೋ ತನ್ನ ಕ್ಷೌರದಂಗಡಿಯ ಮಹಡಿಯಲ್ಲಿ ಚಾಪೆಯ ಮೇಲೆ ಮಂಡಿಯೂರಿ ಕೂತು, ಅಂಗೈಯುದ್ದದ ಡೀಸೆಲ್ ಗಾಡಿಯೊಂದನ್ನು ಅಂಗಾತ ಮಲಗಿಸಿಕೊಂಡು, ಅದರ ಅಚ್ಚಿಗೆ ಸುತ್ತಿಕೊಂಡಿದ್ದ ಕೂದಲನ್ನು ಬ್ಲೇಡಿನ ತುದಿಯಿಂದ ಕತ್ತರಿಸುತ್ತಿದ್ದ. ಸೋಮವಾರ ಮಿಯೋಶಿ ಊರಿನ ಕ್ಷೌರದಂಗಡಿಗಳಿಗೆಲ್ಲ ರಜೆ. ಸೆರಾನಿಗೆ ಮಾತ್ರ ಆ ದಿನವೂ ಕೂದಲಿನಿಂದ ಬಿಡುಗಡೆ ಇರಲಿಲ್ಲ.

"ಮತ್ತೆ ಕೂದಲು! ಬೆಳಿಗ್ಗೆ ತಾನೆ ತೆಗೆದಿದ್ದೆ!" ಎಂದು ಅವನು ಗಾಡಿಯನ್ನೇ ಗದರಿದ.

ಕೆಳಗಿನಿಂದ ಹೆಂಡತಿ ಕಿನುಯೊ ಕೂಗಿದಳು. "ಕ್ಷೌರದೋನ ಮನೇಲಿ ಕೂದಲು ಸಿಗದೆ ಇನ್ನೇನು ಮುತ್ತು ಸಿಗತ್ತೇನ್ರೀ?"

ಸೆರಾ ಇನ್ನೊಂದು ಎಳೆ ಕತ್ತರಿಸಿದ. ಹಿಂದಿನ ದಿನದಿಂದ ಅವನಿಗೆ ನಗುವ ಮಾತು ಯಾವುದೂ ರುಚಿಸುತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಓಸಾಕೊ ಬಂದಿದ್ದರು. ಅಂಚೆಯವರಾಗಿದ್ದು ನಿವೃತ್ತರಾದ ಓಸಾಕೊ ಊರಿನ ಮಾದರಿ ರೈಲು ಕೂಟದ ಮುಖ್ಯಸ್ಥರು. ಅವರ ಕೈಯಲ್ಲಿ ಕಪ್ಪು ದ್ರಾಕ್ಷಿಯ ಪೆಟ್ಟಿಗೆ ಕಂಡೊಡನೆ ಸೆರಾ ಕತ್ತರಿ ಕೆಳಗಿಟ್ಟ. ದ್ರಾಕ್ಷಿ ತಂದು ಒಳ್ಳೆಯ ಸುದ್ದಿ ಹೇಳಿದ ಮನುಷ್ಯ ಅವರಲ್ಲ.

ಕೂಟದ ಪದ್ಧತಿ ಹೀಗೆ: ಪ್ರತಿಯೊಬ್ಬ ಸದಸ್ಯರೂ ತಮ್ಮ ಮನೆಯಲ್ಲಿ ತೊಂಬತ್ತು ಸೆಂಟಿಮೀಟರ್ ಉದ್ದ, ಮೂವತ್ತು ಸೆಂಟಿಮೀಟರ್ ಅಗಲದ ಒಂದು ಹಲಗೆಯ ಮೇಲೆ ಹಳಿ ಹಾಸಿ, ಗುಡ್ಡವೋ ಪೇಟೆಯೋ ಸೇತುವೆಯೋ ಕಟ್ಟುತ್ತಾರೆ. ನವೆಂಬರಿನಲ್ಲಿ ಸಮುದಾಯ ಭವನದ ಮೇಜುಗಳ ಮೇಲೆ ಹಲಗೆಗಳನ್ನೆಲ್ಲ ಜೋಡಿಸಿದರೆ ಒಂದು ದೊಡ್ಡ ಸುತ್ತಾಗುತ್ತದೆ. ಆಗ ಎಲ್ಲರ ಗಾಡಿಯೂ ಎಲ್ಲರ ಹಲಗೆಯ ಮೇಲೂ ಓಡುತ್ತದೆ. ಸೆರಾನ ಹಲಗೆ ಸಸಗಾವಾ ನಿಲ್ದಾಣ. ಅವನು ಹುಟ್ಟಿದ ಊರು ಅದು. ಒಂದು ಪ್ಲಾಟ್‌ಫಾರಂ, ಒಂದು ಮರದ ಸೂರು, ಸುತ್ತಲೂ ನದಿಯ ದಂಡೆಯಲ್ಲಿ ಎತ್ತರಕ್ಕೆ ಬೆಳೆಯುವ, ನವೆಂಬರಿನಲ್ಲಿ ತೆನೆ ಬೆಳ್ಳಗಾಗುವ ಸುಸುಕಿ ಹುಲ್ಲು. ನಿಜವಾದ ಮಾರ್ಗ ಮುಚ್ಚಿ ವರ್ಷಗಳಾಗಿವೆ. ಪ್ಲಾಟ್‌ಫಾರಂ ಬಿದಿರಿನ ನಡುವೆ ಮುಚ್ಚಿಹೋಗಿದೆ.

"ಈ ಸಲ ನಿಮ್ಮ ಹಲಗೇನ ಒಳಗಿನ ಕವಲಿಗೆ ಹಾಕೋಣ ಅಂತ, ಸೆರಾ ಸಾನ್," ಎಂದರು ಓಸಾಕೊ, ಚಹಾದ ಬಟ್ಟಲನ್ನು ತಿರುಗಿಸುತ್ತ. "ಅಲ್ಲಾದ್ರೆ ಜನ ನಿಧಾನವಾಗಿ ನಿಂತು ನೋಡಬಹುದು ನೋಡಿ."

"ಕವಲಲ್ಲಿ ಗಾಡಿ ಓಡಲ್ಲ, ಓಸಾಕೊ ಸಾನ್. ಸುಮ್ನೆ ನಿಂತಿರತ್ತೆ."

"ಹಾಗಂತೀರಾ... ನಿಂತಿದ್ರೆ ಫೋಟೋ ಚೆನ್ನಾಗಿ ಬರತ್ತಲ್ಲ."

ಕಳೆದ ನವೆಂಬರಿನಲ್ಲಿ ನಡೆದದ್ದು ಇಬ್ಬರಿಗೂ ಗೊತ್ತಿತ್ತು. ಸಸಗಾವಾ ದಾಟಿ ಬಂದ ಗಾಡಿಗಳು ಮುಂದಿನ ಹಲಗೆಗಳಲ್ಲಿ ಒಂದೊಂದಾಗಿ ಏದುಸಿರು ಬಿಟ್ಟು ನಿಂತಿದ್ದವು. ಒಂದು ಶಿಂಕಾನ್ಸೆನ್ ಬುಲೆಟ್ ರೈಲು ಹಾಗೆ ನಿಂತದ್ದಕ್ಕೆ ಹಿಂದಿನ ಸರಕು ಗಾಡಿ ಡಿಕ್ಕಿ ಹೊಡೆದು ಮೇಜಿನಿಂದ ಕೆಳಗೆ ಬಿದ್ದಿತ್ತು. ಎಲ್ಲದರ ಅಚ್ಚಿನಲ್ಲೂ ಕೂದಲು. ಯಾರೂ ಒಂದು ಮಾತೂ ಆಡಿರಲಿಲ್ಲ. ಈಗ ಓಸಾಕೊ ಕೂಡ ಆಡಲಿಲ್ಲ. ಅಂಗಡಿಯ ನೆಲದತ್ತ ಒಮ್ಮೆ ಕಣ್ಣು ಹಾಯಿಸಿದರು, ಅಷ್ಟೆ.

"ತಿಂಗಳ ಕೊನೆ ತನಕ ಟೈಮ್ ಕೊಡಿ," ಎಂದ ಸೆರಾ. "ಒಂದೇ ಒಂದು ಕೂದಲು ಇಲ್ಲದ ಹಾಗೆ ಮಾಡಿ ತೋರಿಸ್ತೀನಿ."

"ಅಯ್ಯೋ, ಕೂದಲಿನ ಸುದ್ದಿ ನಾನೇನೂ ಎತ್ತಲಿಲ್ಲವಲ್ಲ!" ಎಂದು ಓಸಾಕೊ ಕಿವಿಯವರೆಗೂ ಕೆಂಪಾಗಿ, ಎರಡು ಸಲ ತಲೆ ಬಾಗಿಸಿ ಹೊರಟುಹೋದರು.

ಕವಲು ಎಂದರೆ ಅವಮಾನ ಎಂಬುದು ಸೆರಾನಿಗೆ ದೊಡ್ಡದಲ್ಲ. ಪ್ರತಿ ನವೆಂಬರ್ ಸಸಗಾವಾದಿಂದ ಪೇಟೆಗೆ ಬಂದು ನೆಲೆಸಿದ ಮುದುಕ ಮುದುಕಿಯರು ಭವನಕ್ಕೆ ಬಂದು, ಬೇರೆ ಯಾವ ಹಲಗೆಯತ್ತಲೂ ನೋಡದೆ, ಅವನ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಮಾತಾಡದೆ ಕಾಯುತ್ತಿದ್ದರು. ತಿರುವಿನಲ್ಲಿ ಗಾಡಿ ಕಂಡೊಡನೆ ಯಾರಾದರೊಬ್ಬರು "ಬಂತು ಬಂತು" ಎನ್ನುತ್ತಿದ್ದರು. ರೈಲು ಬಾರದ ಸಸಗಾವಾ ನೋಡಬೇಕಿದ್ದರೆ ಅವರು ಭವನಕ್ಕೆ ಬರಬೇಕಿರಲಿಲ್ಲ. ನದಿಯ ಗುಂಟ ಕಾರಿನಲ್ಲಿ ಹೋದರೆ ಸಾಕಿತ್ತು.

ಇನ್ನೂ ಒಂದು ಸಂಗತಿ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಇಡೀ ಕೂಟಕ್ಕೆ ಬುದ್ಧಿ ಹೇಳುವವನು ಅವನೇ. ಫುಕುಯಾಮಾದಲ್ಲಿ ಕತ್ತರಿ ಹಿಡಿಯಲು ಕಲಿತು, ಅಪ್ಪನ ಅಂಗಡಿಗೆ ವಾಪಸಾಗಿ, ಅದೇ ಕಸುಬು ಬಲ್ಲ ಕಿನುಯೊಳನ್ನು ಮದುವೆಯಾದವನು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಎಂಜಿನ್ ಕೊಂಡ. ಈಗ ಅರವತ್ತೊಂದು. ಈ ನಡುವೆ ಮಾಡಬಹುದಾದ ತಪ್ಪನ್ನೆಲ್ಲ ಮಾಡಿ, ಯಾಕೆ ತಪ್ಪಾಯಿತೆಂದು ಪ್ರತಿ ಸಲವೂ ಕಂಡುಹಿಡಿದಿದ್ದ. ಹಾಗಾಗಿ ಅಂಗಡಿಯ ಫೋನ್ ಹೊಡೆದುಕೊಂಡರೆ ಅದು ಗಿರಾಕಿಯದಲ್ಲ, ಯಾವನೋ ಹವ್ಯಾಸಿಯದು.

"ನದಿ ಮಾಡೋಕೆ ಸುರಿದ ರಾಳ ಬೆಳ್ಳಗಾಯ್ತಾ? ದಪ್ಪ ಸುರಿದಿದ್ದೀಯ. ಎರಡು ಮಿಲಿಮೀಟರ್ ಸುರಿ, ಒಂದು ದಿನ ಬಿಡು, ಮತ್ತೆ ಎರಡು ಸುರಿ." ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಕ್ಷೌರದ ಕತ್ತಿ ಹಿಡಿದೇ ಅವನು ಉತ್ತರಿಸುತ್ತಿದ್ದ. ಅಷ್ಟು ಹೊತ್ತು ಕುರ್ಚಿಯಲ್ಲಿ ನೊರೆ ಬಳಿಸಿಕೊಂಡು ಕೂತ ಮದ್ಯದಂಗಡಿಯ ಇಮಾದಾ ಕನ್ನಡಿಯಲ್ಲೇ ಕೇಳುತ್ತಿದ್ದ, "ಸೆರಾ, ನನ್ನ ಎಡಗೆನ್ನೆ ಯಾವ ಸ್ಟೇಷನ್ನಲ್ಲಿ ಇಳಿಯೋದಪ್ಪಾ?"

ಸುಸುಕಿ ಹುಲ್ಲು ಹುಟ್ಟಿದ್ದೂ ಇದೇ ಇಮಾದಾನ ತಲೆಯಿಂದ. ಅರೆನರೆತ, ಒರಟು ಕೂದಲು. ಒಂದು ಶರತ್ಕಾಲದಲ್ಲಿ ಅದು ಕಪ್ಪು ಹೊದಿಕೆಯ ಮೇಲೆ ಉದುರಿದಾಗ ಸೆರಾನಿಗೆ ನದಿಯ ದಂಡೆ ಕಂಡಿತು. ಕೂದಲನ್ನು ತೊಳೆದು, ಒಣಗಿಸಿ, ಹದಿಮೂರು ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ಚಿಟಿಕೆ ಚಿಟಿಕೆಯಾಗಿ ಬುಡವನ್ನು ಅಂಟಿಗೆ ಅದ್ದಿ ನೆಟ್ಟ. ತುದಿಗೆ ಬಿಳಿ ಪುಡಿ ಸವರಿದ. ಅಂಗಡಿಯಲ್ಲಿ ಸಿಗುವ ಯಾವ ಕೃತಕ ಹುಲ್ಲೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಕೂಟದವರೆಲ್ಲ ಬಂದು ಕೂದಲಿನ ಪೊಟ್ಟಣ ಕೇಳಿ ಪಡೆದರು. ಇಮಾದಾ ತನಗೆ ಕ್ಷೌರ ಪುಕ್ಕಟೆಯಾಗಬೇಕೆಂದು ಜಗಳ ತೆಗೆದ.

ತಿಂಗಳ ಗಡುವು ಸಿಕ್ಕ ಮೇಲೆ ಸೆರಾ ಕ್ರಮವಾಗಿ ಕೆಲಸಕ್ಕಿಳಿದ. ಅಂಗಡಿಯ ಬಟ್ಟೆಯಲ್ಲಿ ಮಹಡಿ ಹತ್ತುವುದನ್ನು ಬಿಟ್ಟ. ಮೆಟ್ಟಿಲ ಬುಡದಲ್ಲಿ ಮೈಯೆಲ್ಲ ಕೂದಲು ಹಿಡಿಯುವ ಅಂಟು ಉರುಳೆ ಉರುಳಿಸಿಕೊಂಡ. ತಲೆಗೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡ. ಬಾಗಿಲ ಸಂದಿಗೆ ಪಟ್ಟಿ ಬಡಿದ. ಚಾಪೆಯನ್ನು ನಾಲ್ಕು ದಿಕ್ಕಿನಿಂದ ಗುಡಿಸಿದ.

"ಆಪರೇಷನ್ ಮಾಡೋಕೆ ಹೊರಟಿದ್ದೀರೇನ್ರೀ?" ಎಂದಳು ಕಿನುಯೊ, ಟೊಪ್ಪಿ ನೋಡಿ.

"ನಗು, ನಗು."

"ನಗಬಾರದು ಅಂತಿದ್ರೆ ಹೂವಿಲ್ಲದ ಟೊಪ್ಪಿ ಹಾಕ್ಕೊಳ್ಳಿ."

ಹಲಗೆಯ ಹಳಿಗೆ ಸಣ್ಣ ಸುತ್ತು ಜೋಡಿಸಿ ಗಾಡಿ ಓಡಿಸಿದ. ಅರ್ಧ ಗಂಟೆ ಓಡಿ ನಿಂತಿತು. ಅಂಗಾತ ಮಲಗಿಸಿದರೆ ಕೂದಲು. ಮತ್ತೆ ಶುಚಿ ಮಾಡಿ ಓಡಿಸಿದ. ಮತ್ತೆ ಕೂದಲು. ಮೂರನೆಯ ವಾರದ ಹೊತ್ತಿಗೆ ಗಿರಾಕಿಯ ತಲೆ ಮುಟ್ಟಿದರೇ ಅವನಿಗೆ ಮೈ ಉರಿಯುತ್ತಿತ್ತು. ಇಷ್ಟು ವರ್ಷ ಅನ್ನ ಕೊಟ್ಟದ್ದೇ ಈಗ ಹಗೆ ಸಾಧಿಸುತ್ತಿದೆ ಎನಿಸುತ್ತಿತ್ತು.

ಆ ವಾರದ ಸೋಮವಾರ ಕೊದಾನಿ ಬಂದಳು. ಹಲ್ಲಿನ ಕವಚ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮೂವತ್ತರ ಹೆಂಗಸು, ಕೂಟದಲ್ಲಿ ಎಲ್ಲರಿಗಿಂತ ಹೊಸಬಳು. ಬೆಸುಗೆಯ ಬಗ್ಗೆ ಏನೋ ಕೇಳಲು ಬಂದವಳು, ಸೆರಾ ಅಚ್ಚಿನಿಂದ ಬಿಡಿಸಿ ಕಾಗದದ ಮೇಲೆ ಎಸೆದಿದ್ದ ಕೂದಲಿನ ರಾಶಿ ಕಂಡು, ಚೀಲದಿಂದ ತನ್ನ ಭೂತಗನ್ನಡಿ ತೆಗೆದು ಕಣ್ಣಿಗೆ ಏರಿಸಿದಳು. ಬಹಳ ಹೊತ್ತು ನೋಡಿದಳು.

"ಮಾಸ್ಟರ್, ಇದು ಅಂಗಡಿ ನೆಲದ ಕೂದಲಲ್ಲ."

"ಮತ್ತೆ ಆಕಾಶದಿಂದ ಉದುರಿತಾ?"

"ತುಂಡಾಗದೆ ಉಳಿದಿರೋದೆಲ್ಲಾ ಒಂದೇ ಉದ್ದ ಇವೆ ನೋಡಿ. ನೆಲಕ್ಕೆ ಬೀಳೋ ಕೂದಲು ಹೀಗೆ ಅಳತೆ ಮಾಡ್ಕೊಂಡು ಬೀಳತ್ತಾ? ಒಂದು ತುದೀಲಿ ಅಂಟಿನ ಚೂರೂ ಇದೆ."

ಸೆರಾ ಭೂತಗನ್ನಡಿ ಇಸಿದುಕೊಂಡು ನೋಡಿದ. ಹದಿಮೂರು ಮಿಲಿಮೀಟರ್. ಅಳೆಯುವ ಅಗತ್ಯವೂ ಇರಲಿಲ್ಲ, ಕತ್ತರಿಸಿದವನು ಅವನೇ. ಅಂಟು ಎರಡು ಚಳಿಗಾಲದ ಹೀಟರಿನ ಬಿಸಿಗೆ ಒಣಗಿ ಬಿರುಕು ಬಿಟ್ಟಿತ್ತು. ಪ್ರತಿ ಗಾಡಿಯ ಅದುರಾಟಕ್ಕೂ ಒಂದೆರಡು ಎಳೆ ಕಳಚಿ ಹಳಿಗೆ ಬೀಳುತ್ತಿದ್ದವು. ಇಷ್ಟು ದಿನ ಬಿಡಿಸಿ ಬಿಡಿಸಿ ಎಸೆದನೇ ಹೊರತು ಒಂದು ಸಲವಾದರೂ ಕಣ್ಣಿಟ್ಟು ನೋಡಿರಲಿಲ್ಲ.

"ನಿಮ್ಮ ಹಲಗೇಲೂ ಇದೇ ಹುಲ್ಲಿದೆಯಲ್ಲಾ?" ಎಂದ ಕೊನೆಗೆ.

"ಇದೆ. ನಾನು ಹಿಂದಿನ ಗುಡ್ಡದ ಮೇಲೆ ಮಾತ್ರ ನೆಟ್ಟೆ. ಹಳಿ ಪಕ್ಕ ನೆಡೋಕೆ ಭಯ ಆಯ್ತು."

"ಭಯ ಅಂತ ನನಗೆ ಹೇಳಬಾರದಿತ್ತಾ?"

ಕೊದಾನಿ ಭೂತಗನ್ನಡಿಯನ್ನು ಒರೆಸುತ್ತ ತಲೆ ತಗ್ಗಿಸಿದಳು. "ಹೇಗೆ ಹೇಳೋದು, ಮಾಸ್ಟರ್. ನಾವೆಲ್ಲ ನಿಮ್ಮನ್ನ ಕೇಳೋರು. ನೀವು ನಮ್ಮನ್ನ ಯಾವತ್ತೂ ಏನೂ ಕೇಳಲ್ವಲ್ಲ."

ಅವಳು ಹೋದ ಮೇಲೆ ಸೆರಾ ಕೆಳಗಿಳಿದು, ಅಂಗಡಿಯ ಕಪಾಟಿನಿಂದ ಎಲ್ಲಕ್ಕಿಂತ ಗಟ್ಟಿ ಹೇರ್ ಸ್ಪ್ರೇ ಡಬ್ಬಿ ಎತ್ತಿಕೊಂಡ. "ಅದು ಗಿರಾಕಿಗಳಿಗೆ ಕಣ್ರೀ!" ಎಂದು ಕಿನುಯೊ ಕೂಗುತ್ತಿದ್ದಂತೆಯೇ ಮೆಟ್ಟಿಲು ಹತ್ತಿ, ಅರ್ಧ ಡಬ್ಬಿಯನ್ನು ಹುಲ್ಲಿನ ಮೇಲೆ ಸುರಿದ. ಹುಲ್ಲು ತಂತಿಯಂತೆ ಸೆಟೆದು ನಿಂತಿತು. ಊದಿದರೂ ಅಲುಗಲಿಲ್ಲ. ಸಮಾಧಾನದಿಂದ ಗಾಡಿ ಇಟ್ಟು ಗುಂಡಿ ತಿರುಗಿಸಿದ. ಗಾಡಿ ಜಗ್ಗಲಿಲ್ಲ. ಇನ್ನೂ ತಿರುಗಿಸಿದ. ದೀಪ ಕೂಡ ಹೊತ್ತಲಿಲ್ಲ. ಸ್ಪ್ರೇಯ ಪೊರೆ ಹಳಿಯ ಮೇಲೂ ಕೂತು ವಿದ್ಯುತ್ತನ್ನು ತಡೆದಿತ್ತು.

ಏನೇ ಸಿಂಪಡಿಸುವ ಮೊದಲು ಹಳಿಗೆ ಟೇಪ್ ಹಚ್ಚಬೇಕು. ಹೊಸಬರು ಯಾರೇ ಬರಲಿ, ಸೆರಾ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು.

ಹಲ್ಲು ಕಚ್ಚಿಕೊಂಡು ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಹಳಿ ಉಜ್ಜಿದ. ಪೊರೆ ಹೋಯಿತು. ಸ್ಪಿರಿಟ್ಟು ಬದಿಗೆ ಹರಿದು ಮುಂದಿನ ಸಾಲಿನ ಹುಲ್ಲಿನ ಬುಡದ ಅಂಟನ್ನೂ ಕರಗಿಸಿತು. ಸಾಲಿಗೆ ಸಾಲೇ, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ, ಒಂದು ಬದಿಗೆ ಮಲಗಿತು. ಸೆರಾ ಬಟ್ಟೆಯನ್ನು ಮೂಲೆಗೆಸೆದು ಕೆಳಗಿಳಿದ. ಆಗಲೇ ಗುಡಿಸಿದ್ದ ನೆಲವನ್ನು ಇನ್ನೊಮ್ಮೆ ಗುಡಿಸಿದ. ಕಿನುಯೊ ಅವನ ಮುಂದೆ ತಣ್ಣನೆಯ ಬಾರ್ಲಿ ಚಹಾ ಇಟ್ಟಳು.

ಶನಿವಾರ ಓಸಾಕೊ ಕ್ಷೌರಕ್ಕೆ ಬಂದರು. ಹಲಗೆಗಳ ಜೋಡಣೆ ಅಂದೇ ತೀರ್ಮಾನವಾಗಬೇಕಿತ್ತು. ಇಬ್ಬರೂ ಕನ್ನಡಿಯೊಳಗೆ ಒಬ್ಬರನ್ನೊಬ್ಬರು ನೋಡುತ್ತ ಮಾತಾಡಿದರು.

"ಹುಲ್ಲಂತೆ?"

"ಕೊದಾನಿ ಸಾನ್ ಹೇಳಿದ್ರಾ?"

"ಅವರೇನೂ ಹೇಳಲಿಲ್ಲ ಪಾಪ. ನಾನೇ ಬಾಯಿ ಬಿಡಿಸಿದೆ." ಓಸಾಕೊ ಹೊದಿಕೆಯ ಮೇಲೆ ಬಿದ್ದ ಕೂದಲನ್ನು ನೋಡಿದರು. "ಹಳಿ ಪಕ್ಕದ್ದು ಮಾತ್ರ ತೆಗೆದ್ರೆ ಆಗಲ್ವಾ?"

"ಮೂವತ್ತು ಸೆಂಟಿಮೀಟರ್ ಹಲಗೇಲಿ ಹಳಿಗೆ ದೂರ ಅನ್ನೋದು ಎಲ್ಲಿದೆ? ಮುಂದಿನ ಸಾಲು ತೆಗೆದು ನೋಡಿದೆ. ಸ್ಪ್ರೇ ಹೊಡೆದಿದ್ರೂ ಹಿಂದಿನದು ಉದುರತ್ತೆ."

"ಹಾಗಾದ್ರೆ ಹುಲ್ಲು ಹಾಗೇ ಇರಲಿ, ಸೆರಾ ಸಾನ್. ಕವಲಿಗೇ ಹಾಕೋಣ. ನಾನು ಸಮಾಧಾನಕ್ಕೆ ಹೇಳ್ತಿಲ್ಲ. ಹಿರೋಷಿಮಾದಿಂದ ಜನ ಆ ಹುಲ್ಲು ನೋಡೋಕೇ ಬರ್ತಾರೆ."

ಕತ್ತರಿ ನಿಂತಿತು. "ಓಸಾಕೊ ಸಾನ್, ಸಸಗಾವಾಕ್ಕೆ ಅಂಚೆ ಹಂಚಿದೋರು ನೀವು. ಅಲ್ಲಿಯೋರು ಏನು ನೋಡೋಕೆ ಬರ್ತಾರೆ ಅಂತ ನಾನು ಹೇಳಬೇಕಾ? ಹುಲ್ಲು ಪೂರ್ತಿ ಕಿತ್ತುಬಿಡ್ತೀನಿ."

ಓಸಾಕೊ ಕನ್ನಡಿಯಿಂದ ಕಣ್ಣು ತೆಗೆದರು. "ಬೋಳು ದಂಡೆ ಆಗತ್ತಲ್ರೀ."

"ಆಗ್ಲಿ. ಯಾರೋ ಹುಲ್ಲು ಕೊಯ್ಕೊಂಡು ಹೋದ್ರು ಅಂದ್ಕೊಳ್ತಾರೆ. ದೊಡ್ಡ ಸುತ್ತಲ್ಲಿ ಹಾಕಿ."

"ಹಾಕ್ತೀನಿ." ಓಸಾಕೊ ಕತ್ತು ತಡವಿಕೊಂಡರು. "ಹಿಂದುಗಡೆ ಒಂಚೂರು ಜಾಸ್ತಿ ಹೋಯ್ತು ಅನ್ಸತ್ತೆ."

"ಅದು ಮತ್ತೆ ಬೆಳೆಯತ್ತೆ," ಎಂದ ಸೆರಾ, ನಗದೆ.

ಮುಂದಿನ ಸೋಮವಾರ ಅವನು ಹಲಗೆಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು, ಚಿಮುಟದಿಂದ ಒಂದೊಂದೇ ಪೊದೆಯನ್ನು ಕೀಳತೊಡಗಿದ. ಧೂಳು ಹೀರುವ ಯಂತ್ರ ಹಾಕಿದರೆ ಹಳಿಯ ಜಲ್ಲಿಯೂ ಹೋಗುತ್ತಿತ್ತು; ಬೇರೆ ದಾರಿ ಇರಲಿಲ್ಲ. ಕಿತ್ತಲ್ಲೆಲ್ಲ ಅಂಟಿನ ಒಂದು ಸಣ್ಣ ಕುಳಿ ಉಳಿಯುತ್ತಿತ್ತು. ಪ್ಲಾಟ್‌ಫಾರಮ್ಮಿನ ಸುತ್ತ ಅಂಗೈಯಗಲ ಬೋಳಾಗುವಷ್ಟರಲ್ಲಿ ಅವನ ಬೆನ್ನು ಹಿಡಿದುಕೊಂಡಿತು. ಸಿಟ್ಟು ಯಾರ ಮೇಲೆಂದು ಹುಡುಕಿದರೆ ಯಾರೂ ಸಿಗಲಿಲ್ಲ.

ಕಿನುಯೊ ಮೇಲೆ ಬಂದಳು. ಹುಬ್ಬು ಕೀಳುವ ಚಿಮುಟ ತಂದಿದ್ದಳು. ಎದುರು ಬದಿಗೆ ಕೂತು, ನದಿಯ ಕಡೆಯ ಇಳಿಜಾರಿನಿಂದ ಶುರುಮಾಡಿದಳು. ಅವಳ ಕೈ ಅವನಿಗಿಂತ ಚುರುಕು.

"ಒಟ್ಟು ಎಷ್ಟು ನೆಟ್ಟಿದ್ರಿ ರೀ?" ಎಂದಳು ಸ್ವಲ್ಪ ಹೊತ್ತಾದ ಮೇಲೆ.

"ಕೀಳು ಸುಮ್ನೆ," ಎಂದ ಸೆರಾ.

ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಕಳೆದ ನವೆಂಬರಿನಲ್ಲಿ ಅವಳು ಅಂಗಡಿ ನೋಡಿಕೊಳ್ಳುತ್ತಿದ್ದಳು. ಅಂದು ಭವನದಲ್ಲಿ ಯಾರೋ ಒಬ್ಬಾಕೆ ಇದೇ ಪ್ರಶ್ನೆ ಕೇಳಿದಾಗ ಸೆರಾ ಓಸಾಕೊರ ಕೈಯಿಂದ ಮೈಕು ಇಸಿದುಕೊಂಡು, ಗಂಟಲು ಸರಿಮಾಡಿಕೊಂಡು, ಬಾಗಿಲ ಬಳಿ ನಿಂತವರಿಗೂ ಕೇಳುವಂತೆ ಹೇಳಿದ್ದ: "ನಾಲ್ಕು ಸಾವಿರದ ಇನ್ನೂರು."