ಮುಂಚೆಯೇ ಬಂದ ಸೀರೆ

ಶಶಿರೇಖಾಳನ್ನು ನಾನು ಮೊದಲು ಕಂಡದ್ದು ಅವಳು ನನ್ನ ಹುಂಜವನ್ನು ಅಟ್ಟಿಸಿಕೊಂಡು ನಮ್ಮ ಹಿತ್ತಲಿಗೆ ನುಗ್ಗಿದಾಗ. ಸಮೇತನಹಳ್ಳಿಯ ನಮ್ಮ ಪಕ್ಕದ ಮನೆಗೆ ಕಿರಿಸೊಸೆಯಾಗಿ ಬಂದು ಇನ್ನೂ ಕಾಲಿನ ಅರಿಶಿನ ಮಾಸಿರಲಿಲ್ಲ.

“ದೊಡ್ಡಮ್ಮ, ನಿಮ್ಮ ಹುಂಜ ನನ್ನ ಕಾಲು ಕುಕ್ತು. ಸಾರು ನೀವು ಮಾಡ್ತೀರೋ, ನಾನೇ ಮಾಡ್ಲೋ?”

ನನಗೆ ನಗು ಬಂತು. ಅವಳು ನಗಲಿಲ್ಲ. ಭಾನುವಾರ ಸಾರು ನಾನೇ ಮಾಡಿದೆ. ಬಂದು ತೊಡೆಯನ್ನೇ ಕೇಳಿ ಹಾಕಿಸಿಕೊಂಡು ಹೋದಳು.

ಆ ಮನೆಯ ಹಿರಿಸೊಸೆ ಅಂಜಿನಮ್ಮ. ಅವಳಿಗೆ ತವರು ಅಂತ ಉಳಿದಿರಲಿಲ್ಲ. ಹೆತ್ತವರ ಹಿಂದೆಯೇ ಇದ್ದ ಒಬ್ಬ ಅಣ್ಣನೂ ತೀರಿಕೊಂಡಿದ್ದ. ಶಶಿರೇಖಾಳಿಗಾದರೆ ರಾಜಘಟ್ಟದಿಂದ ತಮ್ಮ ದೇವೇಂದ್ರ ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನ ತರುತ್ತಿದ್ದ. ಅವನ ಬೈಕು ಬೀದಿಗೆ ಬಂದರೆ ಅಂಜಿನಮ್ಮ, “ಬಂತು ನೋಡು ಸೀರೆ ಅಂಗಡಿ” ಎಂದು ಕದ ಹಾಕಿಕೊಳ್ಳುವಳು.

ಹೋದ ವರ್ಷ ಶಶಿರೇಖಾಳಿಗೆ ಹೊಟ್ಟೆಯ ಬಲಗಡೆ ನೋವು ಹಿಡಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಲಿವರ್ ಕ್ಯಾನ್ಸರ್ ಎಂದರು. ಜೊತೆಗೆ ಹೋಗಿದ್ದವರು ನಾನು, ಅಂಜಿನಮ್ಮ.

“ಗಡ್ಡೆ ದೊಡ್ಡ ರಕ್ತನಾಳದೊಳಕ್ಕೆ ಇಳಿದಿದೆ. ಆಪರೇಷನ್ ಮಾಡಕ್ಕಾಗಲ್ಲ” ಎಂದರು ಡಾಕ್ಟರು.

ಅಷ್ಟು ಕೇಳಿದ್ದೇ ಅಂಜಿನಮ್ಮ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಮಿಕ್ಕದ್ದನ್ನು ಕೇಳಿದವರು ನಾವಿಬ್ಬರೇ.

“ಈಗ ಆಗಲ್ಲ ಅಂದೆ ಅಷ್ಟೇ. ಡ್ರಿಪ್ಪಲ್ಲಿ ಒಂದು ಔಷಧಿ, ದಿನಾ ನುಂಗಕ್ಕೆ ಒಂದು ಮಾತ್ರೆ, ಎರಡನ್ನೂ ಜೊತೆಗೇ ಕೊಡ್ತೀವಿ. ಗಡ್ಡೆ ಕುಗ್ಗಿ ರಕ್ತನಾಳ ಬಿಟ್ಕೊಟ್ರೆ ಕೊಯ್ದು ತೆಗೀಬೋದು. ಆದ್ರೆ ಎಲ್ಲಾರಿಗೂ ಕುಗ್ಗಲ್ಲಮ್ಮ.”

ನಾವು ಊರು ಸೇರುವಷ್ಟರಲ್ಲಿ ದೇವೇಂದ್ರ ಜಗಲಿಯ ಮೇಲೆ ಅಳುತ್ತ ಕೂತಿದ್ದ. ತೊಡೆಯ ಮೇಲೆ ಹೊಸ ಸೀರೆ, ಅರಿಶಿನ ಬಣ್ಣ, ಕೆಂಪಂಚು. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಹೊದಿಸುವುದು ನಮ್ಮ ಕಡೆಯ ಪದ್ಧತಿ. ಅಂಜಿನಮ್ಮ ಆಸ್ಪತ್ರೆಯಿಂದಲೇ ಫೋನು ಮಾಡಿ, “ಕೊಯ್ಯಕ್ಕೂ ಆಗಲ್ವಂತೆ, ಸೀರೆ ತಂದಿಟ್ಕೊಳಪ್ಪ” ಎಂದಿದ್ದಳು.

ಶಶಿರೇಖಾ ಸೀರೆ ಎತ್ತಿಕೊಂಡು ಅಂಚು ತಡವಿ ನೋಡಿದಳು. “ಚೆನ್ನಾಗಿದೆ ಕಣೋ. ಅಳ್ಬೇಡ.”

“ಡಾಕ್ಟ್ರು ಅಂದಿದ್ದನ್ನೇ ಹೇಳ್ದೆ ಕಣಮ್ಮ” ಎಂದಳು ಅಂಜಿನಮ್ಮ.

“ಅರ್ಧ ಕೇಳ್ಕೊಂಡು ಪೂರ್ತಿ ಹೂಳಕ್ಕೆ ಹೊರಟ್ಯಲ್ಲಕ್ಕ!”

ಅಂದಿನಿಂದ ಡ್ರಿಪ್ಪಿಗೆ ಹೋಗುವಾಗಲೆಲ್ಲ ಅದೇ ಸೀರೆ ಉಟ್ಟಳು. ಅಂಜಿನಮ್ಮನ ಮುಂದೆ ನಿಂತು, “ಅಕ್ಕಾ, ನೆರಿಗೆ ಸರಿ ಇದ್ಯಾ ನೋಡು” ಎನ್ನುವಳು. ಮಾತ್ರೆಯಿಂದ ಅಂಗಾಲು ಸುಲಿದು ಚಪ್ಪಲಿ ಮೆಟ್ಟಲಾಗುತ್ತಿರಲಿಲ್ಲ. ಬಾಯೆಲ್ಲ ಹುಣ್ಣು, ಮುದ್ದೆ ಗಂಟಲಲ್ಲಿ ಇಳಿಯದು. ನೋಡಲಾರದೆ ನಾನೇ ಒಮ್ಮೆ, “ಸಾಕು, ಬಿಟ್ಬಿಡೇ” ಎಂದೆ.

“ಬಿಟ್ರೆ ಅಕ್ಕ ಸೀರೆ ತರ್ಸಿದ್ದು ಸರಿಹೋಗ್ತದೆ ದೊಡ್ಡಮ್ಮ” ಎಂದು ಮಾತ್ರೆ ನುಂಗಿದಳು.

ಅಂಜಿನಮ್ಮ ದಿನೇದಿನೇ ಸೊರಗಿದಳು. “ಕಾಲಿಗೆ ಬೀಳ್ತೀನಿ ಕಣೇ, ಆ ಸೀರೆ ಸುಟ್ಟಾಕು” ಎಂದು ಬೇಡಿದಳು.

“ತವರಿನ ಸೀರೆ ಯಾರಾದ್ರೂ ಸುಡ್ತಾರೇನಕ್ಕ? ನಿಂಗೆ ಗೊತ್ತಿಲ್ಲ ಬಿಡು.”

ದೀಪಾವಳಿ ಕಳೆದ ಮೇಲೆ ಸ್ಕ್ಯಾನ್ ಮಾಡಿದರು. ಗಡ್ಡೆ ಕುಗ್ಗಿ ರಕ್ತನಾಳ ಬಿಟ್ಟು ಹಿಂದೆ ಸರಿದಿತ್ತು. ಲಿವರಿನ ಬಲಭಾಗವನ್ನು ಕೊಯ್ದು ತೆಗೆದರು. ಮನೆಗೆ ಬಂದವಳು ಮೊದಲು ಮಾಡಿದ ಕೆಲಸ, ಆ ಸೀರೆಯನ್ನು ಅಂಜಿನಮ್ಮನ ಕೈಯಲ್ಲೇ ಒಗೆಸಿದ್ದು. ಅಂಜಿನಮ್ಮ ಒಗೆದು, ಹಿಂಡುವಾಗ ಅತ್ತಳು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮೊನ್ನೆ ಶಶಿರೇಖಾ ನನ್ನ ಹಿತ್ತಲಲ್ಲಿ ಬಂದು ಕೂತಳು. ಅಂಜಿನಮ್ಮನಿಗೆ ಜ್ವರ, ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಶಶಿರೇಖಾ ಆ ಕಡೆಗೂ ಕೇಳಲೆಂದು ದನಿ ಎತ್ತಿದಳು:

“ದೊಡ್ಡಮ್ಮ, ಪಾಪ ಅಕ್ಕಂಗೆ ತವರಲ್ಲಿ ಯಾರೂ ಇಲ್ವಲ್ಲ. ಸೀರೆ ನಾನೇ ತಂದಿಟ್ಬಿಡ್ಲಾ?”